ದುಂಡಮ್ಮನ ಗಿಡಕ್ಕೆ ತೊಗಲು ಕಟ್ಟಿದ್ದು

ನಿಜಾಮರ ಕಾಲಕ್ಕೆ ಕಮಲಾಪುರದ ಮಾದರ ಕೇರಿಯಲ್ಲಿ ಇದ್ದದ್ದು ಒಂದೇ ಮಾವಿನ ಗಿಡ. ಅದು ದುಂಡಮ್ಮನದು. ಪಾಟೀಲನದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಕಲಬುರ್ಗಿಯ ತನಕ ಎಲ್ಲರೂ ಅದನ್ನು ಪಾಟೀಲನ ಗಿಡ ಅಂದರು.

ಅದರ ಗೊರಟೆ ಬಂದದ್ದು ಕಲಬುರ್ಗಿಯಿಂದ. ದುಂಡಮ್ಮನ ಮದುವೆಯಾಗಿ ಒಂದು ಬೇಸಿಗೆ ಕಳೆದಿತ್ತು ಅಷ್ಟೇ. ಪಾಟೀಲರ ಮನೆಯವರು ಶರಣಬಸಪ್ಪನ ಗುಡಿಗೆ ಬಂಡಿ ಕಟ್ಟಿದರು. ದುಂಡಮ್ಮ ಮತ್ತು ಗಂಡ ಭಾಗಪ್ಪ ಗಂಟು ಹೊತ್ತು ಬಂಡಿಯ ಹಿಂದೆ ನಡೆದರು. ಬಿಟ್ಟಿ ಚಾಕರಿ. ಒಳಗೆ ಹೋದವರು ಹೊರಗೆ ಬರುವ ತನಕ ಬಿಸಿಲಲ್ಲಿ ಗಂಟು ಕಾಯುತ್ತ ಕೂತಾಗ ಯಾರೋ ಹಣ್ಣು ಚೀಪಿ ಗೊರಟೆ ಒಗೆದರು. ದುಂಡಮ್ಮನಿಗೆ ಹಸಿವಾಗಿತ್ತು. ಅದನ್ನು ಸೆರಗಿಗೆ ಒರೆಸಿ ಮತ್ತೊಮ್ಮೆ ಚೀಪಿದಳು. ಭಾಗಪ್ಪ ಆಚೆ ಮುಖ ತಿರುಗಿಸಿದ. ಅವಳು ತಿರುಗಿಸಲಿಲ್ಲ. ಚೀಪಿ ಮುಗಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು.

ಕೇರಿಗೆ ಬಾವಿ ಇರಲಿಲ್ಲ. ಊರ ಬಾವಿ ಇವರದಲ್ಲ. ಹಳ್ಳದಲ್ಲಿ ಮೇಲಿನವರೆಲ್ಲ ತುಂಬಿಕೊಂಡು ಹೋದ ಮೇಲೆ, ಎಮ್ಮೆ ಮೈ ತೊಳೆದು ಎದ್ದ ಮೇಲೆ, ಕೆಳಗಿನ ಮಡುವಿನಲ್ಲಿ ಕೊಡ ಅದ್ದಬೇಕು. ಆ ನೀರು ಗಿಡಕ್ಕೆ ಯಾರು ಸುರಿಯುತ್ತಾರೆ? ದುಂಡಮ್ಮ ಗೊರಟೆಯನ್ನು ಗುಡಿಸಲ ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಊರಿದಳು. ಮಕ್ಕಳ ಮೈ ತೊಳೆದ ನೀರು, ಗಂಗಾಳ ತೊಳೆದ ನೀರು, ಅಂಬಲಿ ಗಡಿಗೆ ಬಳಿದ ನೀರು ಕುಡಿದು ಗಿಡ ಎದ್ದಿತು. ಬುಡಕ್ಕೆ ಎಲುಬು ಹಾಕಿದಳು, ಬೂದಿ ಹಾಕಿದಳು, ತೊಗಲಿನಿಂದ ಕೆರೆದ ಕೂದಲು ಹಾಕಿದಳು. ಬಿಸಿಲಿಗೆ ಕರ್ರಗೆ ಸುಡುವ ಆ ನೆಲದಲ್ಲಿ ವರ್ಷವಿಡೀ ಹಸಿರು ಕಾಣುತ್ತಿದ್ದದ್ದು ಅದೊಂದೇ.

ಹಣ್ಣು ಬಿಟ್ಟಾಗ ಕೇರಿ ಬೆರಗಾಯಿತು. ಒಂದೊಂದು ಕೈ ತುಂಬುವಷ್ಟು. ನಾರಿಲ್ಲ. ತಿಂದವರು ಮೊಣಕೈ ತನಕ ನೆಕ್ಕಿದರು. ಆ ವರ್ಷ ತಿಂದದ್ದೇ ತಿಂದದ್ದು. ಮರುವರ್ಷ ಪಾಟೀಲನ ಆಳು ಸಾಯಬಣ್ಣ ಬುಟ್ಟಿ ಹಿಡಿದು ಕೇರಿಯ ಅಂಚಿಗೆ ನಿಂತ.

"ಏ ದುಂಡಿ, ಮೊದಲ ಬುಟ್ಟಿ ವಾಡೇಕ್ಕ."

"ಯಾಕ್ರೀ?"

"ಯಾಕ ಅಂತ ಕೇಳ್ತದ ನೋಡು ಇದು. ಗಿಡ ನಿಂತಿದ್ದ ನೆಲ ಯಾರದು?"

ಮೊದಲ ಬುಟ್ಟಿ ಹೋಯಿತು. ಆಮೇಲೆ ಎರಡನೆಯದೂ ಹೋಯಿತು. ಪಾಟೀಲನ ಮನೆಯಾದ ವಾಡೆಯ ಬಾಗಿಲಲ್ಲಿ ಬುಟ್ಟಿಯ ಮೇಲೆ ಒಂದು ತಂಬಿಗೆ ನೀರು ಸುರಿದು ಒಳಗೆ ಒಯ್ಯುತ್ತಿದ್ದರು. ಕೇರಿಯ ನೀರು ಕುಡಿಯಬಾರದು. ಕೇರಿಯ ರೊಟ್ಟಿ ಮುಟ್ಟಬಾರದು. ಸಿಪ್ಪೆ ಇದ್ದ ಹಣ್ಣು ಮಾತ್ರ ನಡೆಯುತ್ತದೆ. ಈ ನೇಮ ಮಾಡಿದವನಿಗೆ ಮಾವಿನ ಹಣ್ಣಿನ ಆಸೆ ಇದ್ದಿರಬೇಕು.

ಒಂದು ವರ್ಷ ಪಾಟೀಲ ನೀಲಕಂಠಪ್ಪ ಆ ಬುಟ್ಟಿಗೆ ರೇಷ್ಮೆ ರುಮಾಲು ಮುಚ್ಚಿ ಕಲಬುರ್ಗಿಯ ತಾಲ್ಲೂಕದಾರ ಸಾಹೇಬರಿಗೆ ನಜರಾಣಾ ಅಂತ ಕಾಣಿಕೆ ಕಳಿಸಿದ. ತಾಲ್ಲೂಕದಾರ ಅಂದರೆ ಜಿಲ್ಲೆಗೇ ದೊಡ್ಡ ಅಧಿಕಾರಿ. ಸಾಹೇಬರು ತಿಂದರು, ಬೇಗಂ ಸಾಹೇಬರು ತಿಂದರು. ಯಾವ ತೋಟದ ಹಣ್ಣು ಅಂತ ಕೇಳಿದರು. ನಮ್ಮ ತೋಟದ್ದು ಹುಜೂರ್, ಅಂದ ಪಾಟೀಲ.

ಅಲ್ಲಿಂದ ಕೆಟ್ಟಿತು.

ಮಳೆಗಾಲ ಹಿಡಿಯುವಾಗ ಸಾಹೇಬರ ಮಾಲಿ ಕರೀಂಸಾಬ್ ಬಂಡಿಯ ತುಂಬ ಮಣ್ಣಿನ ಕುಂಡ ಹೇರಿಕೊಂಡು ಬಂದ. ಒಂದೊಂದು ಕುಂಡದಲ್ಲಿ ಒಂದೊಂದು ಕಾಡುಮಾವಿನ ಸಸಿ. ಅರ್ಧ ಸಾಹೇಬರ ಬಂಗಲೆಗೆ, ಅರ್ಧ ಪಾಟೀಲನ ತೋಟಕ್ಕೆ. ಕಲಮು, ಅಂದರೆ ಕಸಿ, ಕಟ್ಟಬೇಕು. ತೋಟದಲ್ಲಿ ತಾಯಿಗಿಡ ಹುಡುಕಿದ. ಸಾಯಬಣ್ಣ ಅವನನ್ನು ಕೇರಿಯ ಅಂಚಿಗೆ ಕರೆತಂದು ದೂರದಿಂದ ಬೆರಳು ತೋರಿಸಿದ.

ಕರೀಂಸಾಬ್ ಗಿಡ ನೋಡಿದ, ಸಾಯಬಣ್ಣನನ್ನು ನೋಡಿದ, ಗಡ್ಡ ಕೆರೆದುಕೊಂಡ. "ಪಾಟೀಲ್ ಸಾಬರ ತೋಟಾ ಭಾಳ ದೊಡ್ಡದು ಬಿಡು. ಕೇರಿ ತನಕಾ ಬಂದದ."

ಅವನು ಒಳ್ಳೆಯ ಮನುಷ್ಯನೇ. ಗುಡಿಸಲ ಮುಂದೆ ಕೂತು ದುಂಡಮ್ಮನ ಕೈಯಿಂದ ನೀರು ಕುಡಿದ. ಗಿಡದ ಸುತ್ತ ಬಿದಿರಿನ ಅಟ್ಟ ಕಟ್ಟಿದ. ಕುಂಡಗಳನ್ನು ಅಟ್ಟದ ಮೇಲೆ ಸಾಲಾಗಿ ಏರಿಸಿದ. ಸಸಿಯ ಕಾಂಡದ ಮಗ್ಗುಲು ಸ್ವಲ್ಪ ಕೆತ್ತಿದ, ಗಿಡದ ಎಳೆ ಟೊಂಗೆಯ ಮಗ್ಗುಲು ಅಷ್ಟೇ ಕೆತ್ತಿದ. ಗಾಯಕ್ಕೆ ಗಾಯ ಹಚ್ಚಿ ಬಾಳೆನಾರಿನಿಂದ ಬಿಗಿದ. ಮೇಲೆ ಸಗಣಿ ಮಣ್ಣು ಮೆತ್ತಿದ.

"ಎರಡೂ ಕೂಡಿ ಒಂದಾ ಆಗ್ತಾವ ದುಂಡಕ್ಕಾ. ದಸರಾ ಹೊತ್ತಿಗಿ ಕೂಡ್ತಾವ. ಆಮ್ಯಾಲ ತಾಯಿಂದ ಕತ್ತರಿಸೋದು. ಇದಾ ಹಣ್ಣು, ಇದಾ ರುಚಿ, ಎಲ್ಲಿ ಒಯ್ದು ಹಚ್ಚಿದ್ರೂ."

"ಚಲೋ ಆತು," ಅಂದಳು ದುಂಡಮ್ಮ. "ಮನುಷ್ಯಾರ ಮೈ ಮನುಷ್ಯಾರು ಮುಟ್ಟಂಗಿಲ್ಲ. ಟೊಂಗಿಗೆ ಟೊಂಗಿ ಹಚ್ಚಿ ಕಟ್ಲಾಕ ಕಲಬುರ್ಗಿಯಿಂದ ಬರ್ತೀರಿ."

ಕರೀಂಸಾಬ್ ನಕ್ಕ. ಆಮೇಲೆ ತಲೆ ಕೆಳಗೆ ಹಾಕಿ ಹೇಳಬೇಕಾದದ್ದನ್ನು ಹೇಳಿದ. ಕುಂಡದಲ್ಲಿ ಹಿಡಿ ಮಣ್ಣು. ಮಳೆ ಒಂದು ದಿನ ತಪ್ಪಿದರೆ ಒಣಗುತ್ತದೆ. ಮುಂಜಾನೆ, ಸಂಜೆ ನೀರು ಬೇಕು. ಊರಿನ ಯಾವ ಆಳೂ ಕೇರಿಯೊಳಗೆ ಬಂದು ನೀರು ಹಾಕುವುದಿಲ್ಲ. ದುಂಡಮ್ಮ ಹಾಕಬೇಕಂತೆ. ಪಾಟೀಲರ ಅಪ್ಪಣೆ.

ಹಾಕಿದಳು. ಹಳ್ಳದಿಂದ ಕೊಡ, ಕೊಡದಿಂದ ಅಟ್ಟ. ಬಿದಿರಿನ ಏಣಿ, ತಲೆಯ ಮೇಲೆ ಕೊಡ, ಒಂದು ಕೈ ಏಣಿಗೆ. ಕುಂಡಕ್ಕೆ ಬಗ್ಗಿ ಬಗ್ಗಿ ಸುರಿಯಬೇಕು. ಕಟ್ಟು ಅಲುಗಬಾರದು. ಕೊಡದ ನೀರು ತೀರಿದರೆ ಮತ್ತೆ ಹಳ್ಳ. ಕೂಲಿ ಹೋಯಿತು. ಕುತ್ತಿಗೆ ಸೆಟೆದು ನಿಂತಿತು, ಬಲಕ್ಕೆ ತಿರುಗದಾಯಿತು. ಗಂಜಿಗೆ ನೀರಿಲ್ಲದ ದಿನವೂ ಕುಂಡಕ್ಕೆ ನೀರಿತ್ತು.

ಆದರೂ ಗಾಯಗಳು ಕೂಡಿದವು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು ಅಂದರೆ ಸುಳ್ಳಲ್ಲ. ಬೆಳೆಸುವ ಕೈಗೆ ಅಷ್ಟು ಬುದ್ಧಿ ಇರುವುದಿಲ್ಲ, ಯಾರಿಗಾಗಿ ಅಂತ ಕೇಳುವುದಿಲ್ಲ.

ದಸರೆ ಕಳೆದ ಮೇಲೆ ಕರೀಂಸಾಬ್ ಬಂದು ತಾಯಿಗಿಡದಿಂದ ಒಂದೊಂದೇ ಕಲಮು ಕತ್ತರಿಸಿ ಇಳಿಸಿದ. ಪಾಟೀಲನ ಪಾಲಿನ ಕುಂಡಗಳನ್ನು ಕೇರಿಯವರು ತಲೆಯ ಮೇಲೆ ಹೊತ್ತು ಊರ ಹೆಬ್ಬಾಗಿಲಾದ ಅಗಸಿಯ ತನಕ ತಂದರು. ಅಗಸಿಯ ಒಳಗೆ ನೀಲಕಂಠಪ್ಪನ ತಾಯಿ ನೀಲಗಂಗಮ್ಮ ನಿಂತಿದ್ದಳು. ಹಣೆಯ ತುಂಬ ವಿಭೂತಿ.

"ಅಲ್ಲೇ ನಿಂದರ್ರಿ. ಆ ಕುಂಡಾ ಒಳಗ ತರಬ್ಯಾಡ್ರಿ."

ಯಾಕೆಂದು ಕರೀಂಸಾಬ್ ಕೇಳಿದ.

"ಮಣ್ಣಿನವು. ಮಾದರಾಕಿ ಕೈಯ ನೀರು ಕುಡದಾವ. ತಾಂಬ್ರದ್ದಾಗಿದ್ರ ಬೆಂಕಿಗಿ ಹಿಡದು ಬೆಳಗಬಹುದಿತ್ತು. ಮಣ್ಣಿಂದು ಮೈಲಿಗ್ಯಾದ್ರ ಒಡೀಬೇಕು. ಇಲ್ಲೇ ಒಡೀರಿ."

"ಒಡದ್ರೂ ಒಡೀಲಿ ಅಮ್ಮಾ, ಮಣ್ಣಿನ ಮುದ್ದಿ ಹಂಗಾ ಇರಲಿ."

"ಆ ಮಣ್ಣರೆ ಯಾರದು? ಕಲಬುರ್ಗಿದಿದ್ರೂ ಕೇರ್ಯಾಗ ನಿಂತದ, ಕೇರೀದಾ ಆತು. ನನ್ನ ತೋಟದಾಗ ಕೇರಿ ಮಣ್ಣ ಹಾಕಲೇನು? ಎಲುಬ ಅದಾವ ಅದ್ರಾಗ, ಕಾಣ್ಲಾಕತ್ತಾವ ನನಗ. ಬೇರು ತೊಳದು ತರ್ರಿ."

"ತೊಳದ್ರ ಸಾಯ್ತಾವ್ರೀ ಅಮ್ಮಾ. ಮರ್ ಜಾತೇ."

"ತೊಳದ್ರ ಯಾವುದಾದ್ರೂ ಸಾಯ್ತದೇನು? ನಾವು ದಿನಾ ತೊಳಕೋತೀವಿ."

ಅಗಸಿಯ ಹೊರಗೆ ಕುಂಡ ಒಡೆದರು. ಒಡೆಯಲೂ ಕೇರಿಯವರೇ. ಸಾಯಬಣ್ಣ ಸಸಿಗಳನ್ನು ಹಳ್ಳದ ಮೇಲಿನ ಮಡುವಿನಲ್ಲಿ ಅದ್ದಿ ಅದ್ದಿ ಬಿಳೀ ಬೇರು ಕಾಣುವ ತನಕ ತೊಳೆದ. ಸೊಪ್ಪಿನ ಕಟ್ಟು ಹಿಡಿದಂತೆ ಹಿಡಿದುಕೊಂಡು ತೋಟಕ್ಕೆ ಹೋದ. ದುಂಡಮ್ಮ ನೋಡುತ್ತ ನಿಂತಳು. ಅವಳ ಕುತ್ತಿಗೆ ನೋಯುತ್ತಿತ್ತು.

ಸಾಹೇಬರ ಪಾಲಿನ ಕುಂಡಗಳು ಕಲಬುರ್ಗಿಗೆ ಹೋಗಬೇಕು. ಬಂಡಿಯ ಕುಲುಕಿಗೆ ಹೊಸ ಬೆಸುಗೆ ಬಿಡುತ್ತದೆ. ಆದ್ದರಿಂದ ತಲೆಯ ಮೇಲೆ. ದುಂಡಮ್ಮ, ಭಾಗಪ್ಪ, ಕೇರಿಯ ಇನ್ನಷ್ಟು ಜನ ಒಬ್ಬರ ಹಿಂದೆ ಒಬ್ಬರು ನಡೆದರು. ಮುಂದೆ ಸಾಯಬಣ್ಣ ತಟ್ಟು ಕುದುರೆಯ ಮೇಲೆ. ಪಾದ ಒಡೆದು ರಕ್ತ ಬಂತು. ಬಂಗಲೆಯ ಹಿಂದಿನ ಬಾಗಿಲಲ್ಲಿ ಕುಂಡ ಇಳಿಸಿದಾಗ ಯಾರೂ ಒಡೆಯಲು ಹೇಳಲಿಲ್ಲ. ತೊಳೆಯಲು ಹೇಳಲಿಲ್ಲ. ಆಳುಗಳು ಕುಂಡವನ್ನು ಎತ್ತಿಕೊಂಡು ಹಾಗೇ ಒಳಗೆ ಹೋದರು. ದುಂಡಮ್ಮನಿಗೆ ಅದೇ ದೊಡ್ಡ ಸೋಜಿಗವಾಗಿ ಕಂಡಿತು.

ಪರದೆಯ ಹಿಂದಿನಿಂದ ಸಾಹೇಬರ ಹೆಂಡತಿ ಅಕ್ಬರಿ ಬೇಗಂ ಏನೋ ಕೇಳಿದಳು. ತುರುಕ ಮಾತು ದುಂಡಮ್ಮನಿಗೆ ಬಾರದು. ಕರೀಂಸಾಬ್ ಕಿವಿಯಲ್ಲಿ ಹೇಳಿದ: "ಈ ಹೆಂಗಸು ಯಾರು ಅಂತ ಕೇಳ್ಲಾಕತ್ಯಾರ."

ದುಂಡಮ್ಮ ಪರದೆಯ ಕಡೆ ತಿರುಗಿದಳು. "ಗಿಡ ನಂದರೀ ಅವ್ವಾ. ನಾ ಹಚ್ಚೀನಿ."

ಸಾಯಬಣ್ಣ ಮುಂದೆ ಬಂದು ನೆಲ ಮುಟ್ಟಿ ಸಲಾಮು ಮಾಡಿ ಅವಳ ಮಾತನ್ನು ಉರ್ದುವಿಗೆ ತಿರುಗಿಸಿದ. ಪರದೆಯ ಹಿಂದೆ ಮೆಚ್ಚಿಗೆಯ ಸದ್ದು ಕೇಳಿತು. ಒಂದು ಮೊರ ಜೋಳ ಹೊರಗೆ ಬಂತು.

ಹೊರಗೆ ಬಂದ ಮೇಲೆ ದುಂಡಮ್ಮ ಕರೀಂಸಾಬನನ್ನು ಹಿಡಿದು ನಿಲ್ಲಿಸಿದಳು. "ಏನಂದ ಅಂವ?"

"ನಾವು ಪಾಟೀಲರ ಆಳು, ಅವರ ಗಿಡಕ್ಕ ನೀರ ಹಾಕೋರು, ನಿಮ್ಮ ದರ್ಶನ ಆಗಿ ಜನ್ಮಾ ಪಾವನ ಆತು, ಅಂದ."

"ನಿನಗ ಗೊತ್ತಿತ್ತಲ್ಲ. ನೀ ಯಾಕ ಬಾಯಿ ಬಿಡಲಿಲ್ಲ?"

ಕರೀಂಸಾಬ್ ಬಂಗಲೆಯ ಕಡೆ ತಿರುಗಿ ನೋಡಿದ. ಆಮೇಲೆ ಅಂದ, "ನಂದೂ ಚಾಕರಿ ಅದ ದುಂಡಕ್ಕಾ."

"ಜೋಳಾ ನೀನಾ ಒಯ್ಯಿ," ಅಂದಳು. ಭಾಗಪ್ಪ ಮಾತ್ರ ಜೋಳವನ್ನು ತನ್ನ ಧೋತರದಲ್ಲಿ ಕಟ್ಟಿಕೊಂಡ. ಮನೆಯಲ್ಲಿ ಮಕ್ಕಳಿದ್ದವು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಆ ಜೋಳದ ರೊಟ್ಟಿ ತಾನೂ ತಿಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ವಾಡೆಯ ತೋಟದ ಕಲಮುಗಳು ದೀಪಾವಳಿ ಮುಗಿಯುವುದರೊಳಗೆ ಒಣಗಿ ಕಡ್ಡಿಯಾದವು. ಒಂದೂ ಉಳಿಯಲಿಲ್ಲ. ಕಲಬುರ್ಗಿಯವು ಚಿಗುರಿದವು. ಪಾಟೀಲ ದುಂಡಮ್ಮನನ್ನು ಚಾವಡಿಗೆ ಕರೆಸಿದ. ಅವಳು ಕಟ್ಟೆಯ ಕೆಳಗೆ, ದೂರ, ಬಿಸಿಲಲ್ಲಿ ನಿಂತಳು.

"ಏನ್ ಮಾಡಿದಿ ಗಿಡಕ್ಕ?"

"ನೀರ ಹಾಕೀನ್ರಿ ಧಣಿ."

"ಸಾಹೇಬರವು ಚಿಗತಾವ. ನಮ್ಮವು ಸತ್ತಾವ. ಮಾಟಾ ಮಾಡೀದಿ."

"ಸಾಹೇಬರು ಬೇರ ತೊಳೀಲಿಲ್ರಿ."

ಸಾಯಬಣ್ಣ ಕೋಲಿನಿಂದ ಅವಳ ಮೊಣಕಾಲ ಹಿಂದೆ ಬಾರಿಸಿದ. ಕಾಲು ಮಡಚಿ ಕೂತಳು. ಎದ್ದಳು. ಎದ್ದದ್ದಕ್ಕೆ ಮತ್ತೊಂದು ಬಿತ್ತು.

ಅಷ್ಟಕ್ಕೆ ಮುಗಿದಿದ್ದರೆ ಮುಗಿಯುತ್ತಿತ್ತು. ಬಡಿತ ಕೇರಿಗೆ ಹೊಸದಲ್ಲ. ಆದರೆ ಚಳಿಗಾಲದಲ್ಲಿ ಕರೀಂಸಾಬ್ ಇನ್ನೊಂದು ಸುದ್ದಿ ತಂದ. ಮುಂದಿನ ಹಣ್ಣಿಗೆ ಸಾಹೇಬರು ಖುದ್ದು ಕಮಲಾಪುರಕ್ಕೆ ಬರುತ್ತಾರೆ. ಪಾಟೀಲರ ತೋಟದ ತಾಯಿಗಿಡ ನೋಡಬೇಕಂತೆ. ಅದರ ನೆರಳಿನಲ್ಲಿ ಕೂತು ಉಣ್ಣಬೇಕಂತೆ.

ಪಾಟೀಲನಿಗೆ ತಾಯಿಗಿಡ ಬೇಕಾಯಿತು. ಗಿಡವನ್ನು ತೋಟಕ್ಕೆ ಒಯ್ಯಲು ಬರುವುದಿಲ್ಲ. ಹಾಗಾದರೆ ತೋಟವೇ ಗಿಡದ ತನಕ ಬರಬೇಕು. ಸಾಯಬಣ್ಣ ಬಂದು ಹೇಳಿದ:

"ಹೋಳಿ ಹುಣ್ಣಿವಿ ಒಳಗ ಗುಡಸಲಾ ಕಿತ್ತು ಹಳ್ಳದ ಆಚಿ ಹಾಕೋರಿ. ಅಯ್ಯನೋರು ಬಂದು ನೆಲಾ ಶುದ್ಧ ಮಾಡ್ತಾರ. ಗಿಡದ ಸುತ್ತ ಬೇಲಿ ಬೀಳ್ತದ. ಆಮ್ಯಾಲ ನಿಮ್ಮ ನೆಳ್ಳು ಸುದ್ದಾ ಈ ಕಡಿ ಬೀಳಬಾರದು."

"ಗಿಡ ನಂದು," ಅಂದಳು ದುಂಡಮ್ಮ.

"ಯಾರ ಕೇಳ್ಯಾರ ನಿನಗ?"

ಆಗ ಗಿಡ ಹೂ ಬಿಟ್ಟಿತ್ತು. ಹೂವಿನ ವಾಸನೆಗೆ ಜೇನು ಮುತ್ತಿದ್ದವು. ಅವಳು ಬುಡಕ್ಕೆ ಬೆನ್ನು ಹಚ್ಚಿ ಕೂತಳು. ಬೈಯಲು ಯಾರಾದರೂ ಬೇಕಿತ್ತು. ಗಂಡನನ್ನು ಬೈದಳು. ಕರೀಂಸಾಬನನ್ನು ಬೈದಳು. ಗಿಡವನ್ನೇ ಬೈದಳು: "ಹುಳೀ ಹಣ್ಣ ಬಿಟ್ಟಿದ್ರ ನಿನ್ನ ಗಂಟೇನ ಹೋಗ್ತಿತ್ತು?"

ಅದೇ ವಾರ ಪಾಟೀಲನ ಬಿಳೀ ಎತ್ತು ಹೊಟ್ಟೆ ಉಬ್ಬಿ ಸತ್ತಿತು. ಎಳೆದೊಯ್ಯಲು ಕೇರಿಗೆ ಹೇಳಿ ಕಳಿಸಿದರು. ಸುಲಿದ ತೊಗಲು ಹದ ಮಾಡಿ ವಾಡೆಗೇ ಕೊಡಬೇಕು. ಪಾಟೀಲರ ಬಾವಿಯಿಂದ ಎತ್ತು ಕಟ್ಟಿ ನೀರೆಳೆಯುವ ದೊಡ್ಡ ತೊಗಲಿನ ಚೀಲ ಹರಿದಿತ್ತು. ಅದನ್ನು ಹೊಲಿಯುವವಳು ದುಂಡಮ್ಮ. ಅವಳು ಹೊಲಿದ ಚೀಲ ದಿನವೂ ಆ ಬಾವಿಗೆ ಇಳಿಯುತ್ತಿತ್ತು. ಅವಳ ಕೊಡ ಇಳಿಯುವಂತಿರಲಿಲ್ಲ.

ತೊಗಲು ಸುಣ್ಣದ ಗುಂಡಿಯಲ್ಲಿ ನೆನೆಯಿತು. ಕೂದಲು ಕೆರೆದರು. ಚೀಲದ ಹಾಗೆ ಹೊಲಿದು ಒಳಗೆ ತಂಗಡಿ ಗಿಡದ ಚಕ್ಕೆಯ ನೀರು ತುಂಬಿ ತೂಗುಹಾಕಬೇಕು. ನೀರು ಜಿನುಗುತ್ತ ತೊಗಲು ಹದಕ್ಕೆ ಬರುತ್ತದೆ. ಅದರ ನಾತ ದೂರದ ತನಕ ಹೋಗುತ್ತದೆ. ಅದಕ್ಕೇ ಹಳ್ಳದ ಆಚೆ ಗೂಟ ನೆಟ್ಟು ಮಾಡುವ ಕೆಲಸ ಅದು. ಭಾಗಪ್ಪ ಹೊರಟು ನಿಂತ.

"ಹಳ್ಳಕ್ಕ ಬ್ಯಾಡ. ಇಲ್ಲಿ ತಾ," ಅಂದಳು ದುಂಡಮ್ಮ.

"ಎಲ್ಲಿ?"

"ಗಿಡಕ್ಕ ಕಟ್ಟು."

"ತಲಿ ಕೆಟ್ಟದೇನ ನಿಂದು? ಇದ್ರ ಅಡಿಗಿನ ಹಣ್ಣ ಯಾರ ತಿಂತಾರ?"

"ಪಾಟೀಲ ತಿಂತಾನೇನು?"

ಭಾಗಪ್ಪ ಅವಳ ಮುಖ ನೋಡಿದ. ಗಿಡ ನೋಡಿದ. ಹೂವು ಉದುರಿ ಅಕ್ಕಿಕಾಳಿನಷ್ಟು ಕಾಯಿ ಕಚ್ಚಿದ್ದವು. ಅವನಿಗೆ ಅಳು ಬಂತು. ಅಳುತ್ತಲೇ ದೊಡ್ಡ ಟೊಂಗೆಗೆ ಹಗ್ಗ ಎಸೆದ.

ಪಾಟೀಲ ಬಂದಾಗ ಹೊತ್ತು ನೆತ್ತಿಗೇರಿತ್ತು. ಜೊತೆಗೆ ತಂಬಿಗೆ ಹಿಡಿದ ಅಯ್ಯನವರು. ಹಿಂದೆ ಸಾಯಬಣ್ಣ, ಬೇಲಿಯ ಗೂಟ ಹೊತ್ತ ಆಳುಗಳು. ಗಾಳಿ ಇವರ ಕಡೆಗೇ ಬೀಸಿತು. ಅಯ್ಯನವರು ಶಾಲಿನಿಂದ ಮೂಗು ಮುಚ್ಚಿ ನಿಂತರು. ಗಿಡದ ನಡುವೆ ಉಬ್ಬಿದ ತೊಗಲು ತೂಗುತ್ತಿತ್ತು. ಕೆಂಪು ನೀರು ಎಲೆಯಿಂದ ಎಲೆಗೆ, ಕಾಯಿಯಿಂದ ಕಾಯಿಗೆ ತೊಟ್ಟಿಕ್ಕಿ ಬುಡಕ್ಕೆ ಇಳಿಯುತ್ತಿತ್ತು. ಕೆಳಗೆ ದುಂಡಮ್ಮ ಚಕ್ಕೆ ಜಜ್ಜುತ್ತ ಕೂತಿದ್ದಳು. ಕೇರಿಯವರೆಲ್ಲ ಗುಡಿಸಲ ಬಾಗಿಲಲ್ಲಿದ್ದರು.

"ಇಳಸು ಅದನ್ನ," ಅಂದ ಪಾಟೀಲ.

"ಹದಾ ಬಂದಿಲ್ರಿ ಧಣಿ. ನಡುಕ ತೆಗದ್ರ ಕೊಳೀತದ. ನಿಮ್ಮ ಬಾವಿದಾ ಚೀಲ."

"ಇಳಸು ಅಂದೀನಿ."

"ನಾ ಇಳಸಂಗಿಲ್ರಿ. ನಿಮಗ ಬೇಕಾದ್ರ ನೀವು ಇಳಸ್ಕೋರಿ."

ಆ ಮಾತು ಕೇರಿಯಲ್ಲಿ ಹುಟ್ಟಿದ ಯಾರ ಬಾಯಿಂದಲೂ ಅಲ್ಲಿಯ ತನಕ ಬಂದಿರಲಿಲ್ಲ. ಸಾಯಬಣ್ಣ ಕೋಲೆತ್ತಿ ಮುಂದೆ ನುಗ್ಗಿದ. ಗಿಡದ ಕೆಳಗೆ ಕಾಲಿಟ್ಟದ್ದೇ ಒಂದು ಹನಿ ಅವನ ಹೆಗಲಿಗೆ ಬಿತ್ತು. ಚೇಳು ಕಡಿದಂತೆ ಹಿಂದಕ್ಕೆ ಹಾರಿದ. ಅಂಗಿ ಕಳಚಿ ಒಗೆದ. ಕೇರಿಯ ಒಂದು ಮುದುಕಿ ಕಿಸಕ್ಕನೆ ನಕ್ಕಳು.

ಪಾಟೀಲನ ಮುಖ ಕಪ್ಪಿಟ್ಟಿತು. "ಗಿಡಾನೇ ಬ್ಯಾಡ. ಕಡೀರಿ ಅದನ್ನ. ಭಾಗ್ಯಾ, ಕಡಿ."

ಆಳಿನ ಕೈಯಿಂದ ಕೊಡಲಿ ಕಸಿದು ಭಾಗಪ್ಪನ ಮುಂದೆ ಎಸೆದ. ಊರಲ್ಲಿ ಯಾರ ಗಿಡ ಕಡಿಯಬೇಕಾದರೂ, ಯಾರ ಸೌದೆ ಒಡೆಯಬೇಕಾದರೂ ಭಾಗಪ್ಪನೇ. ಹುಟ್ಟಿದಾಗಿನಿಂದ ಹೂಂ ಧಣಿ ಅನ್ನುವುದನ್ನು ಬಿಟ್ಟು ಅವನು ಬೇರೆ ಮಾತು ಕಲಿತಿರಲಿಲ್ಲ. ಹೆಂಡತಿ ಅವನ ಕಡೆ ನೋಡಲಿಲ್ಲ. ಚಕ್ಕೆ ಜಜ್ಜುತ್ತಲೇ ಇದ್ದಳು. ಕಲ್ಲು ಒಮ್ಮೆ ಹೆಬ್ಬೆರಳಿಗೇ ಬಿತ್ತು.

ಭಾಗಪ್ಪ ಕೊಡಲಿ ಎತ್ತಿಕೊಳ್ಳಲಿಲ್ಲ. ಪಾಟೀಲನ ಎದುರಿಗೆ, ನಿಂತಲ್ಲೇ, ಕುಕ್ಕರಿಸಿ ಕೂತುಬಿಟ್ಟ.

"ಏಳಲೇ," ಅಂದ ಪಾಟೀಲ.

ಏಳಲಿಲ್ಲ. ಅವನ ಹಿಂದೆ ಮತ್ತೊಬ್ಬ ಕೂತ. ನಕ್ಕ ಮುದುಕಿ ಕೂತಳು. ಕೇರಿ ಕೂತಿತು. ಕೊಡಲಿ ಬಿಸಿಲಲ್ಲಿ ಬಿದ್ದಿತ್ತು. ಊರಿನ ಆಳುಗಳು ಅದರ ಕಡೆ ನೋಡಿ, ತೊಗಲಿನ ಕಡೆ ನೋಡಿ, ತಮ್ಮ ಕಾಲು ನೋಡಿಕೊಂಡರು. ಕಡಿಯಬೇಕಾದರೆ ಪಾಟೀಲನೇ ಆ ಹನಿಯ ಕೆಳಗೆ ನಿಂತು ಕಡಿಯಬೇಕಿತ್ತು. ಅವನು ಬೆವರಿಗೆ ರುಮಾಲು ತೊಯ್ಯುವ ತನಕ ನಿಂತ. ಆಮೇಲೆ ಹೊರಟುಹೋದ.

ಸುಮ್ಮನೆ ಬಿಟ್ಟನೇ? ಬಿಡಲಿಲ್ಲ. ಸುಗ್ಗಿಗೆ ಕೇರಿಯವರನ್ನು ಯಾರೂ ಕರೆಯಲಿಲ್ಲ. ಕಣದಲ್ಲಿ ಕೊಡುವ ಕಾಳು ಕೊಡಲಿಲ್ಲ. ಹಳ್ಳದ ದಾರಿಗೆ ಮುಳ್ಳು ಹಾಕಿದರು. ಭಾಗಪ್ಪನ ಎರಡು ಹಲ್ಲು ಸಾಯಬಣ್ಣನ ಕೋಲಿಗೆ ಹೋದವು. ತಾಲ್ಲೂಕದಾರ ಸಾಹೇಬರಿಗೆ ಮಾತ್ರ ಪಾಟೀಲ ತಾಯಿಗಿಡಕ್ಕೆ ಸಿಡಿಲು ಬಡಿಯಿತು ಅಂತ ಹೇಳಿ ಕಳಿಸಿದ. ಹೀಗೆ ಪಾಟೀಲನ ಗಿಡ ಸತ್ತಿತು. ದುಂಡಮ್ಮನದು ನಿಂತಿತು.

ಬೇಸಿಗೆಯಲ್ಲಿ ಹಣ್ಣಾಯಿತು. ಬುಟ್ಟಿ ಹಿಡಿದು ಯಾರೂ ಬರಲಿಲ್ಲ. ಕೇರಿಯ ಹೊಟ್ಟೆ ಖಾಲಿ ಇತ್ತು. ತಿಂದರು. ಎದ್ದ ಕೂಡಲೇ ಹಣ್ಣು, ಉಣ್ಣುವ ಹೊತ್ತಿಗೆ ಹಣ್ಣು. ದುಂಡಮ್ಮನೂ ಒಂದು ತೆಗೆದುಕೊಂಡಳು. ರುಚಿ ಅದೇ. ಆದರೆ ಬಾಯಿಗೆ ಒಯ್ಯುವಾಗ ಮೂಗಿಗೆ ತೊಗಲು ಬಡಿಯಿತು. ಉಗುಳಿದಳು. ತನ್ನ ಗಿಡ ತನಗೆ ಉಳಿಯಬೇಕಾದರೆ ತಾನೇ ಅದನ್ನು ನಾರಿಸಬೇಕಾಯಿತಲ್ಲ ಅಂತ ಅವಳ ಒಡಲು ಉರಿಯಿತು. ಪಾಟೀಲನ ಮೇಲಿನ ಸಿಟ್ಟಿಗಿಂತ ಇದು ದೊಡ್ಡದಾಗಿತ್ತು. ಇದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು ಇನ್ನೊಂದು ಕಚ್ಚು ಕಚ್ಚಿದಳು. ನುಂಗಿದಳು.

ಭಾಗಪ್ಪ ಅವಳ ಮಗ್ಗುಲಿಗೆ ಬಂದು ಕೂತ. ಎರಡು ಹಲ್ಲು ಹೋದ ಬಾಯಲ್ಲಿ ಹಣ್ಣು ಚೀಪುತ್ತಿದ್ದ.

"ತೊಗಲು ಹದಾ ಆಗಿ ಭಾಳ ದಿನಾ ಆತು. ಇನ್ನ ಇಳಸ್ಲೇನು?"

"ಇಳಸು. ಅಗಸಿ ಹೊರಗ ಇಟ್ಟು ಬಾ. ಬಾವಿಗೆ ಬೇಕಾದ್ರ ಒಯ್ಕೋಲಿ."

"ಮತ್ತ ಮುಂದಿನ ವರ್ಷಾ ಬುಟ್ಟಿ ತಗೊಂಡು ಬಂದ್ರ?"

ದುಂಡಮ್ಮ ಬಾಯಿ ಒರೆಸಿಕೊಂಡಳು.

"ಅವರ ಕೊಟ್ಟಿಗ್ಯಾಗ ಇನ್ನಾ ಎತ್ತ ಅದಾವಲ್ಲ."